ಖಾಲಿ ನಳಿಕೆಯ ಸಾಕ್ಷಿ

ಪುಣೆ
೮ ಜೂನ್ ೧೯೯೫

ಪ್ರೀತಿಯ ವೈನಿಗೆ ಗಾರ್ಗಿಯ ನಮಸ್ಕಾರ.

ಹೋದ ತಿಂಗಳು ತೇಜಸಣ್ಣನ ವರ್ಷಾಂತಿಕಕ್ಕೆ ಅಕ್ಕಲಕೋಟೆಗೆ ಬಂದಾಗ ನೀವು ಅಡುಗೆಮನೆಯಲ್ಲಿ ಮೆಲ್ಲಗೆ ಕೇಳಿದ್ದಿರಿ: "ನೀ ಮಾಡೂ ಕೆಲಸಕ್ಕೂ ನಿಮ್ಮಣ್ಣನ ರೋಗಕ್ಕೂ ಏನರ ಸಂಬಂಧ ಅದ ಏನು?" ಮನೆ ತುಂಬ ಜನ ಇದ್ದರು. ಒಲೆಯ ಮೇಲೆ ಹಾಲಿತ್ತು. ಉತ್ತರ ಕೊಡಲು ಆಗಲಿಲ್ಲ. ಈಗ ಕೊಡುತ್ತೇನೆ.

ಅಣ್ಣ ತಹಸೀಲಿಯ ರೆಕಾರ್ಡ್ ರೂಮಿನಲ್ಲಿ ಇದ್ದನಲ್ಲ, ಅಲ್ಲಿಯ ಮೂಲ ರಿಜಿಸ್ಟರು ಎಂದೂ ಹೊರಗೆ ಹೋಗುವುದಿಲ್ಲ. ಯಾರಿಗೆ ಯಾವ ಪುಟ ಬೇಕೋ ಅದರ ನಕಲು ಮಾತ್ರ ಹೋಗುತ್ತದೆ. ನಮ್ಮ ರಕ್ತದ ಜೀವಕೋಶದಲ್ಲೂ ಹಾಗೆಯೇ. ಮೂಲ ರಿಜಿಸ್ಟರು ಡಿಎನ್‌ಎ. ಹೊರಗೆ ಹೋಗುವ ನಕಲು ಆರ್‌ಎನ್‌ಎ. ಅಣ್ಣನ ರಕ್ತದಲ್ಲಿ ಎರಡು ಬೇರೆ ಬೇರೆ ಪುಟಗಳು ಹರಿದು, ತಪ್ಪಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಆ ಜೋಡುಪುಟದ ನಕಲು ಹೊರಗೆ ಹೋಗಿ, ಬಿಳಿ ರಕ್ತಕಣಗಳಿಗೆ ನಿಲ್ಲದೆ ಹೆಚ್ಚುತ್ತಾ ಹೋಗಿರಿ ಎಂದು ಹೇಳುತ್ತಿತ್ತು.

ಆರ್‌ಎನ್‌ಎ ಬರಿಯ ನಕಲು ಎಂದೇ ಎಲ್ಲರೂ ತಿಳಿದಿದ್ದರು. ಸುಮಾರು ಹನ್ನೆರಡು ವರ್ಷದ ಹಿಂದೆ ಹಾಗಲ್ಲವೆಂದು ಗೊತ್ತಾಯಿತು. ಕೆಲವು ಆರ್‌ಎನ್‌ಎ ಮಡಚಿಕೊಂಡು ಒಂದು ಆಕಾರ ಪಡೆದು ತಾವೇ ಕೆಲಸ ಮಾಡುತ್ತವೆ. ಕೆಲವು ಬೇರೆ ವಸ್ತುವನ್ನು ಬಿಗಿಯಾಗಿ ಹಿಡಿಯುತ್ತವೆ, ಕೆಲವು ಕತ್ತರಿಸುತ್ತವೆ. ಕತ್ತರಿಸುವುದಕ್ಕೆ ರೈಬೋಝೈಮ್ ಎನ್ನುತ್ತಾರೆ. ಕಾಗದದಿಂದಲೇ ಮಾಡಿದ ಕತ್ತರಿ ಅಂದುಕೊಳ್ಳಿ. ಆ ಜೋಡುನಕಲು ಅಂಟಿಕೊಂಡಿರುವ ಜಾಗವನ್ನೇ ಹುಡುಕಿ ಕತ್ತರಿಸುವಂಥದ್ದೊಂದನ್ನು ನಾನು ಎರಡು ವರ್ಷದಿಂದ ಮಾಡುತ್ತಿದ್ದೇನೆ.

ನಳಿಕೆಯಲ್ಲಿ ಹಾಕಿದ ಜೋಡುನಕಲು ಎಕ್ಸ್-ರೇ ಫಿಲ್ಮಿನ ಮೇಲೆ ಕಪ್ಪು ಗೆರೆಯಾಗಿ ಮೂಡುತ್ತದೆ. ಸೋಮವಾರ ಆ ಫಿಲ್ಮ್ ತೊಳೆದು ಬೆಳಕಿಗೆ ಹಿಡಿದೆ. ಒಂದು ಕಪ್ಪು ಗೆರೆ ಇರಬೇಕಾದಲ್ಲಿ ಎರಡು ಸಣ್ಣ ಗೆರೆಗಳಿದ್ದವು. ಕತ್ತರಿಸಿತು, ವೈನಿ.

ಮೊದಲು ನಿಮಗೇ ಬರೆಯುತ್ತಿದ್ದೇನೆ.

ನಿಮ್ಮ
ಗಾರ್ಗಿ


ಅಕ್ಕಲಕೋಟೆ
೨೦ ಜೂನ್ ೧೯೯೫

ಚಿರಂಜೀವಿ ಗಾರ್ಗಿಗೆ ಆಶೀರ್ವಾದ.

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ನನ್ನ ಓದು ಏಳನೆಯ ಇಯತ್ತೆಯವರೆಗೆ, ಆದರೂ ರೆಕಾರ್ಡ್ ರೂಮಿನ ಮಾತು ತಿಳಿಯಿತು. ಇವರು ಹೋದ ಮೇಲೆ ದಿನಾ ನಾಲ್ಕು ಸಾಲು ಬರೆಯುವ ನೋಟ್‌ಬುಕ್ಕಿನಲ್ಲಿ ಆ ದಿನ ಒಂದೇ ಸಾಲು ಬರೆದೆ: "ಗಾರ್ಗಿಯ ಕತ್ತರಿ ಕತ್ತರಿಸಿತು." ಮುಂದೆ ಏನೂ ಹೊಳೆಯಲಿಲ್ಲ.

ನಾನು ಸೊಲ್ಲಾಪುರದ ಟಾವೆಲ್ ಕಾರ್ಖಾನೆಗೆ ಚೆಕಿಂಗ್ ಕೆಲಸಕ್ಕೆ ಸೇರಿ ಹತ್ತು ತಿಂಗಳಾಯಿತು. ಬೆಳಿಗ್ಗೆ ಏಳೂವರೆಯ ಎಸ್.ಟಿ. ಬಸ್ಸಿನಲ್ಲಿ ದಿನಾ ಅದೇ ಜನ. ಇಷ್ಟು ದಿನ ಅವರ ನಡುವೆ ನಾನು ಒಂದು ಮಾತೂ ಆಡಿದವಳಲ್ಲ. ಅವರೂ ಕೇಳುವುದನ್ನು ಬಿಟ್ಟಿದ್ದರು. ನಿನ್ನ ಕಾಗದ ಬಂದ ಮರುದಿನ ನನ್ನ ಜೊತೆ ಕೆಲಸ ಮಾಡುವ ಗಂಗುಬಾಯಿ, "ಏನ ದ್ವಾರಕಾಬಾಯಿ, ಇವತ್ತ ಮಾರಿ ಮ್ಯಾಲ ಬಿಸಲ ಬಿದ್ದದಲ್ಲ" ಅಂದಳು. ಅಷ್ಟೇ ಸಾಕಾಯಿತು. ಅಕ್ಕಲಕೋಟೆಯಿಂದ ವಳಸಂಗ ದಾಟಿ ಸೊಲ್ಲಾಪುರದವರೆಗೆ ಮಾತಾಡಿದೆ. ನನ್ನ ನಾದಿನಿ ಪುಣೆಯಲ್ಲಿ ರಕ್ತದ ಕ್ಯಾನ್ಸರಿಗೆ ಕತ್ತರಿ ಕಂಡುಹಿಡಿದಿದ್ದಾಳೆ ಎಂದೆ.

"ಕತ್ತರೀನ?" ಎಂದು ಹಿಂದಿನ ಸೀಟಿನವನೊಬ್ಬ ಕೇಳಿದ. "ಆಪರೇಶನ್ ಮಾಡ್ತಾಳೇನು?"

"ಏ, ಕಣ್ಣಿಗೆ ಕಾಣದಂಥಾ ಕತ್ತರಿ" ಎಂದಳು ಗಂಗುಬಾಯಿ, ತಾನೇ ಮಾಡಿದವಳ ಹಾಗೆ. "ರಕ್ತದಾಗ ಹೊಕ್ಕು ಕೆಟ್ಟದ್ದನ್ನಷ್ಟ ಕತ್ತರಿಸ್ತದ. ಹೌದಿಲ್ಲೋ?"

ಹೌದು, ಒಂದು ಥರದ ಔಷಧವೇ ಎಂದೆ. ಕಂಡಕ್ಟರ್ ಕೂಡ ತಿಕೀಟು ಹರಿಯುವುದನ್ನು ನಿಲ್ಲಿಸಿ ಕೇಳಿದ. ಗಾರ್ಗಿ, ಹತ್ತು ತಿಂಗಳಲ್ಲಿ ಮೊದಲ ಸಲ ನಾನು ಬಸ್ಸಿನಿಂದ ತಲೆ ಎತ್ತಿ ಇಳಿದೆ. ಈಗ ಅಲ್ಲಿ ನನ್ನ ಹೆಸರು ಸೈಂಟಿಸ್ಟ್ ವೈನಿ.

ಇವರು ಇದ್ದಿದ್ದರೆ ಇಡೀ ತಹಸೀಲಿಗೆ ಚಹಾ ಕುಡಿಸುತ್ತಿದ್ದರು.

ನಿನ್ನ ವೈನಿ
ದ್ವಾರಕಾ


ಪುಣೆ
೧೬ ಜುಲೈ ೧೯೯೫

ಪ್ರೀತಿಯ ವೈನಿ,

ಇನ್‌ಲ್ಯಾಂಡಿನಲ್ಲಿ ಬರೆಯುತ್ತಿದ್ದೇನೆ, ಜಾಗ ಕಡಿಮೆ. ನಮ್ಮ ಗೈಡ್ ಸರ್‌ಗೆ ಬಹಳ ಸಂತೋಷವಾಗಿದೆ. ಅಕ್ಟೋಬರಿನಲ್ಲಿ ದಿಲ್ಲಿಯ ಪರಿಷತ್ತಿನಲ್ಲಿ ನಾನೇ ನಿಂತು ಈ ಕೆಲಸದ ಬಗ್ಗೆ ಹೇಳಬೇಕಂತೆ. ಪಿಎಚ್.ಡಿ. ಸೇರಿ ಎರಡೇ ವರ್ಷವಾದ ವಿದ್ಯಾರ್ಥಿಗೆ ಅದು ಸಿಗುವುದು ಅಪರೂಪ.

ಅದಕ್ಕೆ ಮೊದಲು ಇಡೀ ಪ್ರಯೋಗವನ್ನು ಇನ್ನೊಮ್ಮೆ ಮಾಡುತ್ತಿದ್ದೇನೆ. ಯಾಕೋ ಒಂದು ನಳಿಕೆಯ ಬಗ್ಗೆ ಮನಸ್ಸಿಗೆ ಸಮಾಧಾನವಿಲ್ಲ. ಕತ್ತರಿ ಅನ್ನುವ ಮಾತನ್ನು ಬಸ್ಸಿನಲ್ಲಿ ಸ್ವಲ್ಪ ಮೆಲ್ಲಗೆ ಹೇಳಿ.

ಗಾರ್ಗಿ


ಅಕ್ಕಲಕೋಟೆ
೯ ಆಗಸ್ಟ್ ೧೯೯೫

ಚಿರಂಜೀವಿ ಗಾರ್ಗಿಗೆ,

ನಿನ್ನೆ ರಜೆ ಇತ್ತು. ಮಧ್ಯಾಹ್ನ ಬಾಗಿಲಲ್ಲಿ ಒಬ್ಬರು ನಿಂತಿದ್ದರು. ವಳಸಂಗದ ಸೈದಪ್ಪ, ಸೊಲ್ಲಾಪುರದ ನೂಲಿನ ಗಿರಣಿಯಲ್ಲಿ ಕಾವಲು ಕೆಲಸ. ನಮ್ಮ ಬಸ್ಸಿನವರೇ. ಕೈಯಲ್ಲಿ ಒಂದು ಚೀಲ ಹೊಸ ಶೇಂಗಾ. ಒಳಗೆ ಬನ್ನಿ ಎಂದರೂ ಕಟ್ಟೆಯ ಮೇಲೇ ಕೂತರು.

"ಬಾಯಾರ, ಜೂನ್‌ದಾಗ ನೀವು ಹೇಳಿದ್ದು ಹಿಂದಿನ ಸೀಟಿನ್ಯಾಗ ಕುಂತು ಕೇಳೀನಿ" ಎಂದರು. "ನನ್ನ ಮಗಳು ಕಾಜಲ್. ಬಾಲವಾಡಿ ಟೀಚರ ಅದಾಳ, ಇಪ್ಪತ್ತಮೂರು. ನಿಮ್ಮ ಸಾಹೇಬರಿಗಿ ಆಗಿದ್ದ ಆಕಿಗೂ ಆಗೈತಿ."

ರೋಗದ ಹೆಸರನ್ನು ಅವರು ತಪ್ಪಿಲ್ಲದೆ ಹೇಳಿದರು. ಮನೆಯಲ್ಲಿ ಆ ರೋಗ ಇದ್ದವರು ಮಾತ್ರ ಹಾಗೆ ಹೇಳಬಲ್ಲರು. ಆಮೇಲೆ, "ಪುಣೇಕ ಕರಕೊಂಡು ಹೋಗ್ಲೇನು, ಇಲ್ಲಾ ಔಷಧ ಅವರೇ ಕಳಸ್ತಾರೋ?" ಎಂದು ಕೇಳಿದರು.

ಔಷಧ ಇನ್ನೂ ಇಲ್ಲ ಎಂದು ಹೇಳಬೇಕಿತ್ತು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು, "ಕೇಳಿ ಹೇಳ್ತೀನ್ರಿ" ಎಂದೆ. ಚಹಾ ಕೊಟ್ಟೆ. ಅವರು ಹೋಗುವಾಗ ನಮ್ಮ ಬಾಗಿಲಿಗೆ ಕೈಮುಗಿದರು.

ಯಾವಾಗ ಆದೀತು ಗಾರ್ಗಿ? ಒಂದು ವರ್ಷ? ಎರಡು? ಒಂದು ತಾರೀಖು ಸಿಕ್ಕರೆ ಅವರಿಗೆ ಹೇಳುವೆ.

ದ್ವಾರಕಾ


ಪುಣೆ
೨೧ ಆಗಸ್ಟ್ ೧೯೯೫

ವೈನಿ,

ತಾರೀಖು ಇಲ್ಲ. ಔಷಧ ಇಲ್ಲ. ಮೊದಲು ಇದನ್ನು ಓದಿಕೊಳ್ಳಿ, ಮುಂದಿನದು ಆಮೇಲೆ.

ಪ್ರತಿ ಪ್ರಯೋಗದಲ್ಲೂ ಒಂದು ನಳಿಕೆಗೆ ಎಲ್ಲವನ್ನೂ ಹಾಕಿ, ಕತ್ತರಿಯನ್ನು ಮಾತ್ರ ಹಾಕುವುದಿಲ್ಲ. ನಾವು ಅದನ್ನು ಖಾಲಿ ನಳಿಕೆ ಅನ್ನುತ್ತೇವೆ. ಅದರಲ್ಲಿ ಏನೂ ತುಂಡಾಗಬಾರದು. ಜೂನ್‌ನಲ್ಲಿ ಖಾಲಿ ನಳಿಕೆಯ ಗೆರೆ ಫಿಲ್ಮಿನ ಅಂಚಿನಲ್ಲಿ ಕೆಟ್ಟುಹೋಗಿತ್ತು. ಹಿಂದಿನ ತಿಂಗಳ ಖಾಲಿ ನಳಿಕೆ ಚೆನ್ನಾಗಿತ್ತಲ್ಲ, ಅದೇ ಸಾಕು ಎಂದುಕೊಂಡೆ. ಈಗ ಮತ್ತೆ ಮಾಡಿದೆ. ಖಾಲಿ ನಳಿಕೆಯಲ್ಲೂ ಎರಡು ಗೆರೆಗಳಿವೆ.

ನನ್ನ ಕತ್ತರಿ ಕತ್ತರಿಸಿರಲಿಲ್ಲ. ನೀರು ಕತ್ತರಿಸಿತ್ತು. ನಮ್ಮ ಬೆರಳ ಬೆವರಿನಲ್ಲಿ ಆರ್‌ಎನ್‌ಎಯನ್ನು ತಿಂದುಹಾಕುವ ಪದಾರ್ಥವಿದೆ. ಅದಕ್ಕೇ ನಾವು ಕೈಗವಸು ಇಲ್ಲದೆ ಒಂದು ಮುಚ್ಚಳವನ್ನೂ ಮುಟ್ಟುವುದಿಲ್ಲ. ಮೇ ತಿಂಗಳಲ್ಲಿ ಅಕ್ಕಲಕೋಟೆಗೆ ಬರುವ ದಿನ ರೈಲಿಗೆ ಹೊತ್ತಾಗಿತ್ತು. ಕೈಗವಸು ತೆಗೆದಿಟ್ಟಿದ್ದೆ. ಹೊಸ ನೀರಿನ ಬಾಟಲಿಯನ್ನು ಬರಿಗೈಯಲ್ಲಿ ತುಂಬಿಟ್ಟು ಓಡಿದೆ. ಜೂನ್‌ನ ಪ್ರಯೋಗವೂ ಈಗಿನದೂ ಆ ನೀರಿನಿಂದಲೇ ಆದದ್ದು. ಗೆರೆಗಳು ನಾನು ಬಯಸಿದ ಜಾಗದ ಹತ್ತಿರವೇ ಬಿದ್ದಿದ್ದವು, ಅಳೆದು ನೋಡಿದರೆ ಅಲ್ಲೇ ಅಲ್ಲ. ನಾನು ಅಳೆಯಲಿಲ್ಲ.

ಸರ್‌ಗೆ ಇನ್ನೂ ಹೇಳಿಲ್ಲ. ದಿಲ್ಲಿಗೆ ಹೆಸರು ಹೋಗಿಯಾಗಿದೆ. ದಿನಾ ಅವರ ಕೋಣೆಯವರೆಗೆ ಹೋಗಿ ತಿರುಗಿ ಬರುತ್ತೇನೆ.

ಸೈದಪ್ಪನವರಿಗೆ ನನ್ನ ಹೆಸರಿನಲ್ಲಿ ಯಾವ ಆಸೆಯನ್ನೂ ಕೊಡಬೇಡಿ. ಕತ್ತರಿ ನಿಜವಾಗಿ ಕತ್ತರಿಸಿದ್ದರೂ ಅದು ನಳಿಕೆಯ ಮಾತು. ಮನುಷ್ಯರ ರಕ್ತಕ್ಕೆ ಬರಲು ಎಷ್ಟೋ ವರ್ಷ ಬೇಕು, ಬರದೆಯೂ ಇರಬಹುದು. ಕಾಜಲ್‌ಳಿಗೆ ಸೊಲ್ಲಾಪುರದ ಡಾಕ್ಟರು ಗುಳಿಗೆ ಕೊಟ್ಟಿರಬೇಕು. ಆಕೆ ಅದನ್ನು ತಪ್ಪದೆ ತಗೊಳ್ಳುತ್ತಿದ್ದಾಳೆಯೇ? ಅದೊಂದನ್ನು ದಯವಿಟ್ಟು ಕೇಳಿ ತಿಳಿಸಿ.

ಗಾರ್ಗಿ


ಅಕ್ಕಲಕೋಟೆ
೧೭ ಸೆಪ್ಟೆಂಬರ್ ೧೯೯೫

ಚಿರಂಜೀವಿ ಗಾರ್ಗಿಗೆ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ಉತ್ತರ ಬರೆಯಲಿಲ್ಲ. ಸಿಟ್ಟು ಅಂದುಕೊಂಡಿರಬಹುದು. ಸಿಟ್ಟಲ್ಲ. ಸೈದಪ್ಪ ಬಸ್ಸು ಹತ್ತಿದ ದಿನ ನಾನು ಕಿಟಕಿಯ ಕಡೆ ಮುಖ ಮಾಡಿ ಕೂರುತ್ತಿದ್ದೆ. ನೋಟ್‌ಬುಕ್ಕಿನಲ್ಲೂ ಬರೆಯಲಿಲ್ಲ.

ಹತ್ತನೆಯ ತಾರೀಖು ಸಂಜೆ ಬರುವಾಗ ವಳಸಂಗದಲ್ಲಿ ಇಳಿದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಕಾಜಲ್ ಬಾಗಿಲಲ್ಲಿ ಕೂತು ಬಾಲವಾಡಿಯ ಮಕ್ಕಳಿಗಾಗಿ ರಟ್ಟಿನಿಂದ ಗಿಳಿ ಕತ್ತರಿಸುತ್ತಿದ್ದಳು. ತೆಳ್ಳಗೆ, ಹೊಟ್ಟೆ ಮಾತ್ರ ಎಡಗಡೆ ಉಬ್ಬಿದೆ. ಇವರಿಗೂ ಹಾಗೇ ಆಗಿತ್ತು. ನನ್ನನ್ನು ನೋಡಿದ ಕೂಡಲೇ, "ತಂದೀರೇನ್ರಿ?" ಎಂದಳು.

"ಗುಳಿಗಿ ತಗೋಳಾಕತ್ತೀ ಇಲ್ಲೋ ಮೊದಲ ಅದನ್ನ ಹೇಳವಾ" ಎಂದೆ.

"ಬಿಟ್ಟು ಎರಡ ತಿಂಗಳಾತು. ಬಾಯಾಗೆಲ್ಲಾ ಹುಣ್ಣ ಆಗ್ತಿದ್ವು. ಪುಣೇದ ಔಷಧ ಬರ್ತೈತಿ, ಮತ್ತ ಈ ಇಷಾ ಯಾಕಂತ ಅಪ್ಪ ಅಂದ."

ಗಾರ್ಗಿ, ಅಲ್ಲೇ ಹೊಸ್ತಿಲ ಮೇಲೆ ಕೂತೆ. ಅಷ್ಟರಲ್ಲಿ ಸೈದಪ್ಪ ಬಂದರು. ಎಲ್ಲವನ್ನೂ ಹೇಳಿದೆ. ನೀರಿನ ಬಾಟಲಿ, ಖಾಲಿ ನಳಿಕೆ, ಔಷಧ ಇಲ್ಲ, ಎಷ್ಟೋ ವರ್ಷ ಬರುವುದೂ ಇಲ್ಲ. ಗಾರ್ಗಿ ಎಂದೂ ಔಷಧ ಅಂದಿರಲಿಲ್ಲ, ನಾನೇ ಹೆಚ್ಚು ಮಾಡಿ ಹೇಳಿದೆ ಎಂದೆ. ನಾಳೆಯಿಂದಲೇ ಗುಳಿಗೆ ಕೊಡಿ ಎಂದೆ.

ಅವರು ನನ್ನೆದುರು ನೆಲದ ಮೇಲೆ ಕೂತರು. ಆಮೇಲೆ, "ಬಸ್ಸಿನ್ಯಾಗ ಐವತ್ತ ಮಂದಿ ಮುಂದ ಹೇಳಿದ್ರಿ. ತಿರುಗಿ ತಗೋಳೂದು ಮಾತ್ರ ಕದ್ದು ಬಂದು ನನ್ನೊಬ್ಬನ ಮುಂದ" ಎಂದರು. "ಇದರಾಗ ಯಾವದ ನಂಬಲಿ ಬಾಯಾರ? ದೊಡ್ಡ ಮಂದಿಗಿ ಔಷಧ ಹೊಂಟೈತಿ, ನಮಗ ಇಲ್ಲಂತ ಹೇಳಾಕ ಕಳಿಸ್ಯಾರ ಅಂತ ನಾ ತಿಳಕೊಂಡ್ರ?"

"ಹಂಗಂದ್ರ ಬಸ್ಸಿನ್ಯಾಗ ಹೇಳ್ತೀನಿ" ಎಂದೆ.

"ಹೇಳ್ರಿ. ಅವತ್ತ ನನ್ನ ಮಗಳೂ ಬರ್ತಾಳ."

ಆ ರಾತ್ರಿ ಊಟ ಸೇರಲಿಲ್ಲ ಎಂದು ಬರೆದರೆ ಸುಳ್ಳು. ಊಟ ಮಾಡಿದೆ, ಕೆಲಸಕ್ಕೆ ಹೋಗುವವಳು ಉಣ್ಣಲೇಬೇಕು. ಬೆಳಿಗ್ಗೆ ವಳಸಂಗದಲ್ಲಿ ಅಪ್ಪ ಮಗಳು ಹತ್ತಿದರು. ನಾನು ಎದ್ದು ಮೇಲಿನ ಸರಳು ಹಿಡಿದು ನಿಂತೆ.

"ಎಲ್ಲಾರೂ ಒಂದ ಮಾತ ಕೇಳ್ರಿ."

"ಬಾಯಿ, ಮೊದಲ ತಿಕೀಟ ತಗೋಳಾಕ ಬಿಡ್ರಿ ಮಂದೀನ" ಎಂದ ಕಂಡಕ್ಟರ್.

"ಜೂನ್‌ದಾಗ ನಾನು ಹೇಳಿದ್ದು ಖರೇ ಅಲ್ಲ. ರಕ್ತದ ಕ್ಯಾನ್ಸರಿಗೆ ಪುಣೇದಾಗ ಔಷಧ ಇಲ್ಲ. ನಮ್ಮ ಹುಡುಗಿಯ ಪ್ರಯೋಗ ಕೆಟ್ಟದ. ಅಕಿನ ಅದನ್ನ ಹುಡುಕಿ ನನಗ ಬರದಾಳ. ಔಷಧ ಅಂದವಳು ನಾನು. ಡಾಕ್ಟರು ಕೊಟ್ಟದ್ದನ್ನ ಯಾರೂ ಬಿಡಬ್ಯಾಡ್ರಿ."

ಯಾರೋ ಹಿಂದೆ ನಕ್ಕರು. "ಸೈಂಟಿಸ್ಟ್ ವೈನಿದು ಬಲೂನ್ ಒಡೀತು" ಎಂದರು. ಗಂಗುಬಾಯಿ ತಿರುಗಿ, "ನಿಂದ ಒಡದಾಗ ನೀ ಎದ್ದ ನಿಂತ ಹೇಳ್ತೀ ಏನು?" ಎಂದಳು.

ಸೈದಪ್ಪ ಮಗಳ ಕಡೆ ನೋಡಿದರು. ಕಾಜಲ್ ಪರ್ಸಿನಿಂದ ಗುಳಿಗೆ ತೆಗೆದಳು. ಮನೆಯಿಂದಲೇ ತಂದಿದ್ದಳು, ನೋಡು. ಗಂಗುಬಾಯಿ ತನ್ನ ನೀರಿನ ಬಾಟಲಿ ಕೊಟ್ಟಳು.

ನಮ್ಮ ಕಾರ್ಖಾನೆಯಲ್ಲಿ ಒಂದು ಪದ್ಧತಿ ಇದೆ. ಟಾವೆಲ್ ಹಾಸುವ ಮೊದಲು ಬರಿಯ ಟೇಬಲಿನ ಮೇಲೆ ಕೈ ಆಡಿಸುತ್ತೇವೆ. ಟೇಬಲಿನಲ್ಲಿ ಸಿಬಿರು ಇದ್ದರೆ ಟಾವೆಲಿನ ಎಳೆ ಕೀಳುತ್ತದೆ, ಬೈಗುಳ ನೇಕಾರನಿಗೆ ಬೀಳುತ್ತದೆ. ನಿನ್ನ ಖಾಲಿ ನಳಿಕೆ ಅಂದರೆ ಅದೇ ಇರಬೇಕು. ಒಂದು ದಿನ ನಾನು ಕೈ ಆಡಿಸುವುದನ್ನು ಮರೆತು ನೇಕಾರ ಸಾಯಬಣ್ಣನ ಒಂದು ಇಡೀ ಗಂಟು ಟಾವೆಲನ್ನು ತಿರಸ್ಕರಿಸಿದ್ದೆ. ಅವನ ಮುಂದೆ ಹೋಗಿ ತಪ್ಪು ನನ್ನದು ಎಂದು ಹೇಳಿದಾಗ ಅವನು, "ಇನ್ನ ಮುಂದ ನನ್ನ ಮಾಲು ನೀವ ನೋಡ್ರಿ, ಬ್ಯಾರೇದವರು ಬ್ಯಾಡ" ಎಂದ. ಯಾಕೆ ಹಾಗೆ ಅಂದ ಎಂದು ಆವತ್ತು ತಿಳಿದಿರಲಿಲ್ಲ.

ಸರ್‌ಗೆ ಹೇಳುವುದು ಬಿಡುವುದು ನಿನ್ನದು. ದಿಲ್ಲಿಗೆ ಹೋಗದಿದ್ದರೂ ನೀನು ನನಗೆ ಸಣ್ಣವಳಾಗುವುದಿಲ್ಲ.

ದ್ವಾರಕಾ


ಪುಣೆ
೨ ಅಕ್ಟೋಬರ್ ೧೯೯೫

ಪ್ರೀತಿಯ ವೈನಿ,

ನಿಮ್ಮ ಕಾಗದವನ್ನು ಕಿಸೆಯಲ್ಲಿಟ್ಟುಕೊಂಡೇ ಸರ್ ಕೋಣೆಗೆ ಹೋದೆ. ಎರಡು ಫಿಲ್ಮುಗಳನ್ನೂ ಮುಂದಿಟ್ಟೆ. ಅವರು ಕನ್ನಡಕ ಹಣೆಗೇರಿಸಿ ಐದು ನಿಮಿಷ ನೋಡಿದರು. "ಬೇರೆ ಯಾರಿಗೆ ಗೊತ್ತು?" ಎಂದರು. ಅಕ್ಕಲಕೋಟೆಯ ಏಳೂವರೆಯ ಎಸ್.ಟಿ.ಯವರಿಗೆಲ್ಲ ಗೊತ್ತು ಎಂದೆ. ಅವರಿಗೆ ಅರ್ಥವಾಗಲಿಲ್ಲ. ಹೇಳಿದೆ. ಅವರು ನಗಲಿಲ್ಲ. ಟೈಪಿಸ್ಟರನ್ನು ಕರೆದು ದಿಲ್ಲಿಯಿಂದ ನನ್ನ ಹೆಸರು ಹಿಂದಕ್ಕೆ ಪಡೆಯುವ ಪತ್ರ ಬರೆಸಿದರು. ಆಮೇಲೆ, "ಹಳೆಯ ನೀರನ್ನೆಲ್ಲ ಚೆಲ್ಲು. ಮೊದಲಿನಿಂದ ಶುರುಮಾಡು" ಎಂದರು.

ಎರಡು ದಿನ ಹಾಸ್ಟೆಲಿನ ಕೋಣೆಯಲ್ಲೇ ಇದ್ದೆ. ಮೂರನೆಯ ದಿನ ಇಪ್ಪತ್ತೆರಡು ಬಾಟಲಿ ನೀರು ಚೆಲ್ಲಿದೆ.

ಕಾಜಲ್‌ಳ ಸುದ್ದಿ ಬರೆಯಿರಿ.

ಗಾರ್ಗಿ


ಅಕ್ಕಲಕೋಟೆ
೧೮ ಜನವರಿ ೧೯೯೬

ಚಿರಂಜೀವಿ ಗಾರ್ಗಿಗೆ,

ಸಂಕ್ರಾಂತಿಯ ಎಳ್ಳುಬೆಲ್ಲ ಬೇರೆ ಪೊಟ್ಟಣದಲ್ಲಿದೆ. ಬೆರಳು ತೊಳೆದೇ ಕಟ್ಟಿದ್ದೇನೆ.

ಕಾಜಲ್ ಪ್ರತಿ ತಿಂಗಳು ಆಸ್ಪತ್ರೆಗೆ ಹೋಗುತ್ತಿದ್ದಾಳೆ. ಜೊತೆಗೆ ನಾನು ಹೋಗುತ್ತೇನೆ, ಸೈದಪ್ಪನವರಿಗೆ ರಜೆ ಸಿಗುವುದಿಲ್ಲ. ಬಿಳಿ ಕಣಗಳು ಬಹಳ ಇಳಿದಿವೆ. ಹೊಟ್ಟೆಯ ಗಡ್ಡೆ ಕರಗಿದೆ. ಡಾಕ್ಟರು, "ಎರಡ ತಿಂಗಳ ಯಾಕ ಬಿಟ್ಟಿದ್ರಿ?" ಎಂದು ಬೈದರು. ಕಾಜಲ್ ಬಾಯಿ ತೆರೆಯುವ ಮೊದಲೇ ನಾನು, "ನನ್ನಿಂದ ಆತ್ರಿ" ಎಂದೆ. ಹೊರಗೆ ಬಂದು ಆ ಹುಡುಗಿ, "ನೀವ ಎಲ್ಲಾ ಕಡೆ ಎದ್ದ ನಿಂತ ಹೇಳೂದ ಚಟಾ ಹಿಡಿಸ್ಕೊಂಡೀರಿ" ಎಂದು ನಕ್ಕಳು.

ರೋಗ ಹೋಗಿಲ್ಲ. ಗುಳಿಗೆ ಅದನ್ನು ತಡೆದು ಹಿಡಿದಿದೆ ಅಷ್ಟೇ, ಅದು ಆಕೆಗೂ ಗೊತ್ತು. ಇವರಿಗೂ ಮೂರು ವರ್ಷ ಹಾಗೆ ತಡೆದಿತ್ತು. ಅದನ್ನು ನಾನು ಅವಳಿಗೆ ಹೇಳಿಲ್ಲ. ಅವಳು ಕೇಳಿಲ್ಲ.

ದ್ವಾರಕಾ


ಪುಣೆ
೧೯ ಮಾರ್ಚ್ ೧೯೯೬

ಪ್ರೀತಿಯ ವೈನಿ,

ಈ ಸಲ ಆರು ಸಾರಿ ಮಾಡಿದ ಮೇಲೆ ಬರೆಯುತ್ತಿದ್ದೇನೆ.

ಕತ್ತರಿ ಇರುವ ನಳಿಕೆಯಲ್ಲಿ ಜೋಡುನಕಲು ತುಂಡಾಗಿದೆ. ಅಳೆದೆ. ಅಂಟಿಕೊಂಡ ಜಾಗದಲ್ಲೇ. ಖಾಲಿ ನಳಿಕೆಯಲ್ಲಿ ತುಂಡಾಗಿಲ್ಲ. ಬೇಕೆಂದೇ ಒಂದು ಅಕ್ಷರ ಕೆಡಿಸಿ ಮಾಡಿದ ಮೊಂಡ ಕತ್ತರಿಯ ನಳಿಕೆಯಲ್ಲೂ ತುಂಡಾಗಿಲ್ಲ. ನಮ್ಮೆಲ್ಲರ ರಕ್ತದಲ್ಲಿರುವ ಸರಿಯಾದ ನಕಲನ್ನು ಇದು ಮುಟ್ಟುವುದಿಲ್ಲ.

ಆದರೆ ನಿಧಾನ. ಎರಡು ಗಂಟೆಯಲ್ಲಿ ನೂರಕ್ಕೆ ಮೂವತ್ತು ನಕಲು ಮಾತ್ರ ತುಂಡಾಗುತ್ತವೆ. ಅದೂ ಪ್ರಯೋಗಾಲಯದಲ್ಲಿ ನಾನೇ ತಯಾರಿಸಿದ ನಕಲಿನ ಮೇಲೆ. ರೋಗಿಯ ಜೀವಕೋಶದಿಂದ ತೆಗೆದದ್ದರ ಮೇಲೆ ಇನ್ನೂ ನೋಡಿಲ್ಲ, ಅದು ಮುಂದಿನ ಕೆಲಸ. ಇದು ಔಷಧವಲ್ಲ. ಸರ್ ಫಿಲ್ಮ್ ನೋಡಿ, ಮೊದಲು ಖಾಲಿ ನಳಿಕೆಯ ಗೆರೆಯ ಮೇಲೆ ಬೆರಳಿಟ್ಟರು. ಆಮೇಲೆ ಚಹಾ ತರಿಸಿದರು.

ಬಸ್ಸಿನಲ್ಲಿ ಏನು ಹೇಳುತ್ತೀರೋ ನಿಮಗೆ ಬಿಟ್ಟದ್ದು.

ಗಾರ್ಗಿ


ಅಕ್ಕಲಕೋಟೆ
೩೧ ಮಾರ್ಚ್ ೧೯೯೬

ಚಿರಂಜೀವಿ ಗಾರ್ಗಿಗೆ ಮನಸಾರೆ ಆಶೀರ್ವಾದ.

ಬಸ್ಸಿನಲ್ಲಿ ಹೇಳಲಿಲ್ಲ. ಮೊದಲು ವಳಸಂಗಕ್ಕೆ ಹೋಗಿ ನಿನ್ನ ಕಾಗದವನ್ನು ಹಾಗೇ ಓದಿದೆ. ಒಂದು ಅಕ್ಷರ ಹೆಚ್ಚು ಮಾಡಲಿಲ್ಲ, ಕಡಿಮೆಯೂ ಮಾಡಲಿಲ್ಲ. ನೂರಕ್ಕೆ ಮೂವತ್ತು, ಎರಡು ಗಂಟೆ, ಔಷಧವಲ್ಲ. ಕಾಜಲ್ ಮರಾಠಿ ಸಾಲೆಯಲ್ಲಿ ಓದಿದವಳು. ನಡುನಡುವೆ ನಿಲ್ಲಿಸಿ ಅರ್ಥ ಕೇಳಿದಳು. ಮೊಂಡ ಕತ್ತರಿ ಯಾಕೆ ಬೇಕು ಎಂದು ಸೈದಪ್ಪ ಕೇಳಿದರು. ಮೊಂಡಾದದ್ದು ಕತ್ತರಿಸದಿದ್ದರೆ, ಕತ್ತರಿಸಿದ್ದು ಸರಿಯಾದ ಕತ್ತರಿಯ ಅಲಗೇ, ಬೇರೇನಲ್ಲ ಎಂದು ಖಾತ್ರಿಯಾಗುತ್ತದೆ ಎಂದೆ. ನನಗೆ ಹೇಳಲು ಬಂತು, ಗಾರ್ಗಿ. ಎಲ್ಲ ಮುಗಿದ ಮೇಲೆ ಸೈದಪ್ಪ, "ಈ ಸಲ ನಂಬ್ತೀನಿ" ಎಂದರು.

ಕಾಜಲ್ ಕೊನೆಯ ಸಾಲುಗಳನ್ನು ಇನ್ನೊಮ್ಮೆ ಓದಿಸಿದಳು. ಆಮೇಲೆ, "ರೋಗಿಯ ಜೀವಕೋಶದ ಮ್ಯಾಲ ನೋಡಿಲ್ಲ ಅಂತ ಬರದಾರಲ್ಲ" ಎಂದಳು. "ಆ ಜೋಡ ನಕಲು ನನ್ನ ರಕ್ತದಾಗ ಐತಿ. ಅವರಿಗಿ ಬೇಕೇನು ಕೇಳ್ರಿ."

"ಅದರಿಂದ ನಿನಗ ಏನೂ ಆಗೂದಿಲ್ಲವಾ" ಎಂದೆ. "ಗುಣಾನೂ ಇಲ್ಲ."

"ಗೊತ್ತೈತಿ. ನೀವೀಗ ಓದಿದ್ರಲ್ಲ."

ಸೈದಪ್ಪ ಬೇಡ ಅನ್ನುತ್ತಾರೆ ಅಂದುಕೊಂಡೆ. ಅವರು ಗೋಡೆಯ ಕ್ಯಾಲೆಂಡರ್ ನೋಡಿ, ಯಾವ ದಿನ ತನಗೆ ಪಾಳಿ ಇಲ್ಲ ಎಂದು ಹುಡುಕತೊಡಗಿದರು.

ಹನ್ನೆರಡನೆಯ ತಾರೀಖಿಗೆ ನಾವು ಮೂವರೂ ಬರುತ್ತೇವೆ. ಕಾಜಲ್‌ಳಿಗೆ ಕತ್ತರಿಯನ್ನು ನೋಡಬೇಕಂತೆ. ಕಣ್ಣಿಗೆ ಕಾಣುವುದಿಲ್ಲ, ಗೆರೆ ಮಾತ್ರ ಕಾಣುತ್ತದೆ ಎಂದೆ, ಗೆರೆಯಾದರೂ ಸೈ ಎಂದಳು. ಆಕೆಗೆ ಖಾಲಿ ನಳಿಕೆಯನ್ನು ಮೊದಲು ತೋರಿಸು. ನಿನ್ನ ಸರ್‌ಗೆ ಮುಂಚೆಯೇ ತಿಳಿಸಿ ಒಪ್ಪಿಗೆ ಕೇಳಿಡು. ರಕ್ತವನ್ನು ಅಲ್ಲೇ ತೆಗೆಯುವಿರೋ, ಇಲ್ಲಿಯ ಆಸ್ಪತ್ರೆಯಲ್ಲಿ ತೆಗೆಸಿ ತರಬೇಕೋ ಬರೆ. ತರುವುದಾದರೆ ಎಂಥ ಬಾಟಲಿ, ಎಷ್ಟು ಐಸ್, ಎಷ್ಟು ತಾಸಿನೊಳಗೆ ಮುಟ್ಟಿಸಬೇಕು, ಎಲ್ಲವನ್ನೂ ಬಿಡಿಸಿ ಬರೆ. ಕೈಗವಸು ಎಲ್ಲಿ ಸಿಗುತ್ತದೆ ಎಂಬುದನ್ನೂ. ನಾನೇ ಹಿಡಿದುಕೊಂಡು ಬರುತ್ತೇನೆ.

ನಿನ್ನ ವೈನಿ
ದ್ವಾರಕಾ